ಕ್ಯಾಟಲೂಚಿಗೆ ಹೋಗಿದ್ದೆ, ಅಜ್ಜಿಗೂ ಓದಿ ಹೇಳು

ಅಮ್ಮಾ,

ಶನಿವಾರ ನನ್ ಫೋನ್ ಸಿಗ್ಲಿಲ್ಲ ಅಂತ ಗಾಬರಿ ಮಾಡ್ಕೊಂಡಿದ್ಯಂತೆ, ಅಪ್ಪ ಹೇಳಿದ್ರು. ಏನೂ ಆಗಿರ್ಲಿಲ್ಲ ಮಾರಾಯ್ತಿ, ನಾವಿದ್ದ ಜಾಗದಲ್ಲಿ ನೆಟ್‌ವರ್ಕೇ ಇಲ್ಲ ಅಷ್ಟೆ. ಫೋನಲ್ಲಿ ಹೇಳೋಕ್ ಹೋದ್ರೆ ನೀನು ಊಟ ಆಯ್ತಾ ಅಂತ ಮಧ್ಯ ಬಾಯಿ ಹಾಕ್ತೀಯ, ಅದಕ್ಕೇ ಬರೀತಿದೀನಿ, ಅಜ್ಜಿಗೆ ನಿಧಾನಕ್ಕೆ ಓದಿ ಹೇಳು.

ಅಮೆರಿಕಾದ ನಾರ್ತ್ ಕ್ಯಾರೊಲಿನಾ ರಾಜ್ಯದ ಸ್ಮೋಕಿ ಬೆಟ್ಟಗಳ ಮಧ್ಯ ಕ್ಯಾಟಲೂಚಿ ಅಂತ ಒಂದು ಕಣಿವೆ. ಬೆಟ್ಟದ ಏಣಿನ ಮೇಲೆ ಸಾಲಾಗಿ ನಿಂತ ಮರಗಳು ಅನ್ನೋ ಅರ್ಥದ, ಇಲ್ಲಿನ ಮೂಲನಿವಾಸಿ ಚೆರೋಕಿ ಜನರ ಮಾತಿಂದ ಬಂದ ಹೆಸರಂತೆ. ಹೈವೇ ಬಿಟ್ಟ ಮೇಲೆ ಜಲ್ಲಿ ರೋಡು, ಒಂದ್ ಕಡೆ ಧರೆ ಒಂದ್ ಕಡೆ ಕಂದಕ, ತಡೆಗೋಡೆ ಅನ್ನೋದೇ ಇಲ್ಲ, ಎದುರಿಂದ ಗಾಡಿ ಬಂದ್ರೆ ಯಾರಾದ್ರೂ ಒಬ್ರು ರಿವರ್ಸ್ ಹೋಗ್ಬೇಕು. ನಮ್ ಜೊತೆ ಬಂದಿದ್ದ ಹುಡುಗ ಎರಡ್ ಸಲ ವಾಂತಿ ಮಾಡ್ಕೊಂಡ.

ಇಳಿದ್ರೆ ಅಂಗೈ ಥರ ಬಯಲು. 1910ರ ಹೊತ್ತಿಗೆ ಇಲ್ಲಿ ಸುಮಾರು 1,200 ಜನ ಇದ್ರು, ಮೆಕ್ಕೆಜೋಳ ಬೆಳೀತಿದ್ರು, ದನ ಸಾಕ್ತಿದ್ರು, ಆಮೇಲಾಮೇಲೆ ಸೇಬಿನ ತೋಟ ಮಾಡಿ ಚೆನ್ನಾಗೇ ದುಡ್ಡು ನೋಡಿದ್ರು. ಈಗ ಒಂದು ಸಂಸಾರಾನೂ ಇಲ್ಲ. ನ್ಯಾಷನಲ್ ಪಾರ್ಕ್ ಮಾಡ್ಬೇಕು ಅಂತ ಸರ್ಕಾರ ಜಮೀನು ತಗೊಳ್ತು, ಕೆಲವರು ಮಾರಿದ್ರು, ಕೆಲವರು ಕೋರ್ಟಿಗೆ ಹೋದ್ರು, 1934ರಲ್ಲಿ ಪಾರ್ಕ್ ಆಯ್ತು.

ಆದ್ರೆ ಅಮ್ಮಾ, ಮನೆಗಳು ಕೆಲವು ಹಂಗೇ ಇವೆ! ತೊರೆಗೆ ಹಾಕಿದ ಕಾಲುಸಂಕ ದಾಟಿ ಕಾಲ್ಡ್‌ವೆಲ್ ಅನ್ನೋರ ಮನೆ ಒಳಗೆ ಹೋದೆ, ನೂರು ವರ್ಷಕ್ಕೂ ಹಳೇದು. ಬಾಗಿಲಿಗೆ ಬೀಗ ಇಲ್ಲ. ಒಳಗೆ ಒಂದು ಕುರ್ಚೀನೂ ಇಲ್ಲ, ಬರೀ ಹಲಗೆ ಗೋಡೆ, ಒಲೆ ಇದ್ದ ಜಾಗ, ಕಾಲಿಟ್ರೆ ಕಿರ್ ಅನ್ನೋ ಮೆಟ್ಟಿಲು. ನಾನು ಅಭ್ಯಾಸಬಲದಿಂದ ಹೊಸ್ತಿಲ ಆಚೆ ಚಪ್ಪಲಿ ಬಿಟ್ಟು ಹೋಗಿದ್ದೆ, ಫ್ರೆಂಡ್ಸ್ ಎಲ್ಲ ನಕ್ಕರು. ಗೋಡೆ ತುಂಬಾ ಬಂದವ್ರು ಹೋದವ್ರು ಹೆಸರು ಕೆತ್ತಿದಾರೆ, ಈ ಚಟ ನಮ್ಮೋರಿಗೆ ಮಾತ್ರ ಅನ್ಕೊಂಡಿದ್ದೆ ನಾನು.

ಸ್ಕೂಲಿನ ಕಥೆ ಕೇಳಿದ್ರೆ ಅಪ್ಪ ನಗ್ತಾರೆ. ಮಕ್ಕಳು ಜಾಸ್ತಿ ಆದ್ರು, ದೊಡ್ಡ ಸ್ಕೂಲ್ ಕೊಡಿ ಅಂತ ಊರಿನ ಮೂರ್ನಾಲ್ಕು ಜನ ಹೋಗಿ ಕೇಳಿದ್ರಂತೆ, ಆಗಲ್ಲ ಅಂದ್ರಂತೆ ಆಫೀಸ್ನೋರು. ಇವ್ರು ವಾಪಸ್ ಬರ್ತಾ ಕುಡಿದು, ಬೆಂಚೆಲ್ಲ ಜೋಪಾನವಾಗಿ ಹೊರಗಿಟ್ಟು, ಹಳೇ ಸ್ಕೂಲಿಗೆ ಬೆಂಕಿ ಹಾಕಿದ್ರಂತೆ! ಈಗ ಇರೋದು 1901ರಲ್ಲಿ ಕಟ್ಟಿದ್ದು. ಎಷ್ಟು ನಿಜಾನೋ, ಬೆಂಚು ಹೊರಗಿಟ್ರು ಅನ್ನೋದು ಮಾತ್ರ ನಂಗೆ ಬಹಳ ಇಷ್ಟ ಆಯ್ತು.

ಸಂಜೆ ಬಯಲಿಗೆ ಎಲ್ಕ್ ಬಂದ್ವು. ನಮ್ ಕಡವೆ ಥರಾನೇ, ಇನ್ನೂ ದಪ್ಪ. ಬೇಟೆ ಆಡಿ ಆಡಿ ಇಲ್ಲಿ ಪೂರ್ತಿ ಖಾಲಿ ಆಗಿದ್ವು, 2001ರಲ್ಲಿ ಬೇರೆ ಕಡೆಯಿಂದ 25 ತಂದು ಬಿಟ್ರು, ಈಗ ಹಿಂಡೇ ಇದೆ. 150 ಅಡಿ ದೂರ ನಿಲ್ಲಬೇಕು ಅಂತ ರೂಲ್ಸು. ಅಷ್ಟು ದೊಡ್ಡ ಗಂಡು ಕೂಗಿದ್ರೆ ಘರ್ಜನೆ ಇರುತ್ತೆ ಅನ್ಕೊಂಡ್ರೆ, ತುಕ್ಕು ಹಿಡಿದ ಗೇಟು ಎಳೆದಂಗೆ ಕೀಂ ಅನ್ನುತ್ತೆ.

ಅಜ್ಜಿ ನೆನಪಾಗಿದ್ದು ಚರ್ಚ್ ಹತ್ರ. 1898ರದ್ದು, ಬಿಳೀ ಹಲಗೆದು, ಚಿಕ್ಕದು. ವರ್ಷಕ್ಕೊಂದ್ ಸಲ ಆ ಊರು ಬಿಟ್ಟೋರ ಮಕ್ಕಳು ಮೊಮ್ಮಕ್ಕಳೆಲ್ಲ ಇಲ್ಲಿ ಸೇರ್ತಾರೆ, ಪ್ರಾರ್ಥನೆ ಮಾಡಿ, ಮನೆಯಿಂದ ತಂದ ಅಡುಗೆ ಒಟ್ಟಿಗೆ ಊಟ ಮಾಡಿ, ಹಿರಿಯರ ಸಮಾಧಿ ನೋಡ್ಕೊಂಡು ಹೋಗ್ತಾರೆ. ಅಜ್ಜಿ ತವರು ಶರಾವತಿ ಮುಳುಗಡೇಲಿ ಹೋಯ್ತಲ್ಲ, ತುಳಸಿಕಟ್ಟೆ ಇತ್ತು, ಬಾವಿ ಇತ್ತು ಅಂತ ಹೇಳ್ತಿರ್ತಾಳೆ, ನಂಗೆ ಅದು ಯಾವತ್ತೂ ಕಣ್ಣಿಗೆ ಕಟ್ತಿರ್ಲಿಲ್ಲ. ಈಗ ಖಾಲಿ ಮನೇಲಿ ನಿಂತು ಬಂದ್ಮೇಲೆ ಕೇಳ್ಬೇಕು ಅನ್ಸಿದೆ. ಬಾವಿ ಮನೆಯ ಯಾವ ಕಡೆ ಇತ್ತು? ಅಡಿಗೆಮನೆ ಬಾಗಿಲಿಂದ ಕಾಣ್ತಿತ್ತಾ? ಕೇಳಿ ವಾಯ್ಸ್ ಮೆಸೇಜ್ ಮಾಡ್ಸು, ಅವಳೇ ಹೇಳ್ಲಿ, ನೀನು ಮಧ್ಯ ಬಾಯಿ ಹಾಕ್ಬೇಡ.

ಫೋಟೋ ರಾತ್ರಿ ಕಳಿಸ್ತೀನಿ.

ನಿನ್ ಮಗಳು