ಕ್ರೀಡಾಗ್ರಾಮದ ಜೊತೆಗೇ ಉದ್ಯಾನದ ನಕ್ಷೆಯೂ ಬರಲಿ

ಮಾನ್ಯರೇ,

2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ ಅಹಮದಾಬಾದಿಗೆ ದೊರೆತಂದಿನಿಂದ ಅಲ್ಲಿ ಏನೇನು ಕಟ್ಟಲಾಗುವುದು ಎಂಬ ಮಾತೇ ಹೆಚ್ಚಾಗಿದ್ದು, ಕೂಟ ಮುಗಿದ ಮೇಲೆ ಆ ನೆಲ ಯಾರ ಪಾಲಿಗೆ ಎಂಬ ಪ್ರಶ್ನೆ ಹಿಂದೆ ಸರಿದಿದೆ. ಈ ಸಂದರ್ಭದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಒಲಿಂಪಿಕ್ ಪಾರ್ಕ್ ನೆನಪಾಗುತ್ತದೆ. ಅಲ್ಲಿ ನಡೆದ 1972ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತದ ಹಾಕಿ ತಂಡದಲ್ಲಿ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಇದ್ದುದರಿಂದ, ಕೊಡಗಿನವರಾದ ನಮಗೆ ಆ ಊರಿನ ಹೆಸರು ಹೊಸದೇನಲ್ಲ.

ಹಿಂದೆ ಸೇನೆಯ ಕವಾಯತು ಮೈದಾನವೂ ಆಮೇಲೆ ವಿಮಾನ ನಿಲ್ದಾಣವೂ ಆಗಿದ್ದ ಆ ಪಾರ್ಕಿನ ಬಯಲಿಗೆ, ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಕುಸಿದ ಕಟ್ಟಡಗಳ ಅವಶೇಷಗಳನ್ನು ತಂದು ಸುರಿಯಲಾಗಿತ್ತು. ಆ ರಾಶಿಯನ್ನು ಸಾಗಹಾಕುವ ಬದಲು ಅದಕ್ಕೆ ಮಣ್ಣು ಹೊದಿಸಿ, ಹುಲ್ಲು ಬೆಳೆಸಿ ಗುಡ್ಡವನ್ನಾಗಿಸಿದರು. ಕಾಲುವೆಯ ನೀರನ್ನು ತಡೆದು ಅದರ ಬುಡದಲ್ಲೇ ಕೆರೆ ಮಾಡಿದರು. ಉದ್ಯಾನವನ್ನು ರೂಪಿಸಿದ ಗುಂಟರ್ ಗ್ಜಿಮೆಕ್ ಅವರ ನಿಲುವು ಸ್ಪಷ್ಟವಾಗಿತ್ತು: ಹುಲ್ಲುಹಾಸು ಇರುವುದು ನೋಡುವುದಕ್ಕಲ್ಲ, ಜನರು ಅದರ ಮೇಲೆ ನಡೆದಾಡಲಿ, ಮಲಗಲಿ. (ನಮ್ಮ ಉದ್ಯಾನಗಳಲ್ಲಿ ಮೊದಲು ಕಣ್ಣಿಗೆ ಬೀಳುವುದೇ ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಫಲಕ.) ಒಲಿಂಪಿಕ್ಸ್ ನಡೆದದ್ದು ಎರಡು ವಾರ, ಗುಡ್ಡ ಹತ್ತುವವರು, ಈಜುಕೊಳಕ್ಕೆ ಬರುವವರು ಐವತ್ತು ವರ್ಷ ಕಳೆದರೂ ಬರುತ್ತಲೇ ಇದ್ದಾರೆ. ಅದೇ ಕೂಟದಲ್ಲಿ ಭಯೋತ್ಪಾದಕರ ದಾಳಿಗೆ ಬಲಿಯಾದ ಇಸ್ರೇಲಿನ 11 ಮಂದಿಯ ಸ್ಮಾರಕವೂ 2017ರಿಂದ ಆ ಉದ್ಯಾನದಲ್ಲಿದೆ. ಅದು ಬರಲು ನಾಲ್ಕು ದಶಕ ಮೀರಿದ್ದು ಮಾತ್ರ ಮ್ಯೂನಿಕ್‌ಗೆ ಶೋಭೆಯಲ್ಲ.

2010ರ ಕಾಮನ್‌ವೆಲ್ತ್ ಕೂಟಕ್ಕೆಂದು ದೆಹಲಿಯಲ್ಲಿ ಯಮುನೆಯ ದಂಡೆಯಲ್ಲಿ ಕಟ್ಟಿದ ಕ್ರೀಡಾಗ್ರಾಮ ಕೊನೆಗೆ ಮಾರಾಟದ ಫ್ಲ್ಯಾಟ್‌ಗಳಾಯಿತು. ಮ್ಯೂನಿಕ್‌ನ ಕ್ರೀಡಾಗ್ರಾಮವೂ ವಸತಿಯೇ ಆಯಿತು, ಅದರ ಒಂದು ಭಾಗದಲ್ಲಿ ವಿದ್ಯಾರ್ಥಿಗಳಿದ್ದಾರೆ. ಆದರೆ ಅದರ ಪಕ್ಕದ ಗುಡ್ಡ, ಕೆರೆ, ಬಯಲುಗಳಿಗೆ ಪ್ರವೇಶ ಶುಲ್ಕವೂ ಇಲ್ಲ, ಕಾವಲುಗಾರರ ತಡೆಯೂ ಇಲ್ಲ. ಈ ವ್ಯತ್ಯಾಸ ಕೂಟ ಮುಗಿದ ಮೇಲೆ ಹುಟ್ಟಿದ್ದಲ್ಲ, ಮೊದಲ ನಕ್ಷೆಯಲ್ಲೇ ಇದ್ದದ್ದು.

ಆದ್ದರಿಂದ ಅಹಮದಾಬಾದಿನ ಮೊಟೇರಾದ ಕ್ರೀಡಾ ಸಂಕೀರ್ಣದಲ್ಲಿ ಎಷ್ಟು ನೆಲ, ಯಾವ ಬದಿಯಲ್ಲಿ, 2030ರ ನಂತರ ಟಿಕೆಟ್ ಇಲ್ಲದೆ ಸಾರ್ವಜನಿಕರಿಗೆ ತೆರೆದಿರುತ್ತದೆ ಎಂಬುದನ್ನು ಸಂಬಂಧಪಟ್ಟವರು ಈಗಲೇ ನಕ್ಷೆಯಲ್ಲಿ ಗುರುತಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮಡಿಕೇರಿ