ಮ್ಯಾನೇಜರ್ ಬಗ್ಗೆ ಕೌನ್ಸಿಲ್ ಸದಸ್ಯರನ್ನೇ ಕೇಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಆಡಳಿತ ನಡೆಸುವ ಅಧಿಕಾರಿ, ಅಂದರೆ ಟೌನ್ ಮ್ಯಾನೇಜರ್ ಬಗ್ಗೆ ಗುಂಪಿನಲ್ಲಿ ಬರುತ್ತಿರುವ ದೂರುಗಳನ್ನೆಲ್ಲ ಓದಿದೆ. ಒಂದು ಮಾತು ಹೇಳಲೇಬೇಕು. ಮ್ಯಾನೇಜರ್‌ಗೆ ನಾವು ಓಟು ಹಾಕಿಲ್ಲ. ಅವರನ್ನು ನೇಮಿಸಿದ್ದು ಕೌನ್ಸಿಲ್, ಅಂದರೆ ನಾವು ಓಟು ಹಾಕಿ ಆರಿಸಿದ ಸದಸ್ಯರ ಸಭೆ. ಸಂಬಳ ಗೊತ್ತು ಮಾಡುವುದು, ಕೆಲಸ ಹೇಗಿದೆ ಅಂತ ನೋಡುವುದು, ಸರಿ ಇಲ್ಲದಿದ್ದರೆ ತೆಗೆಯುವುದು, ಎಲ್ಲವೂ ಸದಸ್ಯರ ಕೈಯಲ್ಲೇ ಇದೆ. "ಅದು ಮ್ಯಾನೇಜರ್ ತೀರ್ಮಾನ, ನಮಗೆ ಗೊತ್ತಿಲ್ಲ" ಅಂತ ಅವರು ಕೈ ತೊಳೆದುಕೊಂಡರೆ ದಯವಿಟ್ಟು ಒಪ್ಪಬೇಡಿ.

ಕ್ಯಾಲಿಫೋರ್ನಿಯಾದ ಬೆಲ್ ಊರಿನ ಕಥೆ ಗೊತ್ತಲ್ವಾ? ಸುಮಾರು 35,000 ಜನರ ಊರು, ಹೆಚ್ಚಿನವರು ದುಡಿದು ತಿನ್ನುವವರು. ಅಲ್ಲಿನ ಸಿಟಿ ಮ್ಯಾನೇಜರ್ ಸಂಬಳ ವರ್ಷಕ್ಕೆ 8 ಲಕ್ಷ ಡಾಲರ್ ಹತ್ತಿರ ಮುಟ್ಟಿತ್ತು. ಪತ್ರಿಕೆಯವರು 2010ರಲ್ಲಿ ಬಯಲು ಮಾಡುವವರೆಗೂ ಯಾರೂ ತಡೆಯಲಿಲ್ಲ. ತಡೆಯಬೇಕಾದ ಕೌನ್ಸಿಲ್ ಸದಸ್ಯರಲ್ಲಿ ಹೆಚ್ಚಿನವರು ತಾವೇ ಅರೆಕಾಲಿಕ ಕೆಲಸಕ್ಕೆ ವರ್ಷಕ್ಕೆ 1 ಲಕ್ಷ ಡಾಲರ್ ಹತ್ತಿರ ತೆಗೆದುಕೊಳ್ಳುತ್ತಿದ್ದರು. ಇನ್ನು ಕೇಳುವವರು ಯಾರು? 2014ರಲ್ಲಿ ಮ್ಯಾನೇಜರ್‌ಗೆ 12 ವರ್ಷ ಜೈಲಾಯಿತು. 5 ಮಂದಿ ಮಾಜಿ ಸದಸ್ಯರೂ ತಪ್ಪಿತಸ್ಥರಾದರು.

ಹಾಗಂತ ಸದಸ್ಯರು ದಿನಾ ಆಫೀಸಿಗೆ ಹೋಗಿ ಸಿಬ್ಬಂದಿಗೆ ಆರ್ಡರ್ ಮಾಡಬೇಕು ಅಂತಲ್ಲ. ಬಹಳ ಊರುಗಳ ಚಾರ್ಟರ್ (ಊರಿನ ಆಡಳಿತದ ಮೂಲ ನಿಯಮಾವಳಿ) ಅದನ್ನು ತಡೆಯುತ್ತದೆ, ಅದು ಸರಿಯೂ ಹೌದು.

ಮುಂದಿನ ಸಭೆಗೆ ಹೋಗುವವರು ಸದಸ್ಯರನ್ನೇ ಕೇಳಿ: ಮ್ಯಾನೇಜರ್ ಕೆಲಸವನ್ನು ಕೊನೆಯ ಸಲ ಅಳೆದು ನೋಡಿದ್ದು ಯಾವಾಗ? ಅವರ ಕೆಲಸದ ಒಪ್ಪಂದವನ್ನು ಪೂರ್ತಿ ಓದಿ ಸಹಿ ಹಾಕಿದಿರಾ? ಉತ್ತರ ಸಿಕ್ಕರೆ ಇಲ್ಲಿ ಹಾಕಿ. ಮ್ಯಾನೇಜರ್ ಮನೆಯವರ ಬಗ್ಗೆ ಮಾತು ಮಾತ್ರ ಬೇಡ.