ಬಯಾಪ್ಸಿ ಡಬ್ಬಿಯ ಮೇಲೆ ವೇಳೆ ಬರೆಯಿರಿ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಗಡ್ಡೆಯ ಜೀನ್ ಪರೀಕ್ಷೆ ಅಂದರೆ ಜಾತಕ ಬರೆಸಿದಂತೆ ಎಂದುಕೊಂಡವರು ಹಾಸನದಲ್ಲೂ ಇದ್ದಾರೆ. ಮ್ಯುಟೇಷನ್, ಅಂದರೆ ಡಿಎನ್‌ಎ ಅಕ್ಷರದ ಬದಲಾವಣೆ, ಜೀನ್‌ನ ಯಾವ ಜಾಗದಲ್ಲಿ ಹೆಚ್ಚು ಬೀಳುತ್ತದೆ ಎಂದು ಮೊದಲೇ ಅಂದಾಜಿಸಬಹುದು. ಯಾರಿಗೆ, ಯಾವಾಗ ಎಂದಲ್ಲ.

ಡಿಎನ್‌ಎಗೆ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರ, ಮೂರು ಅಕ್ಷರ ಸೇರಿದರೆ ಒಂದು ಕೋಡಾನ್. ಗಡ್ಡೆ ಬೆಳೆಯದಂತೆ ತಡೆಯುವ ಟಿಪಿ53 ಜೀನ್‌ನ 248ನೇ ಕೋಡಾನ್ ನೋಡಿ: ಸಿಜಿಜಿ. ಸಿ ಬೆನ್ನಿಗೇ ಜಿ ಇದ್ದರೆ ಆ ಸಿ ಮೇಲೆ ಸಾಮಾನ್ಯವಾಗಿ ಮೀಥೈಲ್ ಗುಂಪು ಕೂತಿರುತ್ತದೆ. ಅಂಥ ಸಿ ತನ್ನ ಅಮೈನ್ ಗುಂಪು ಕಳೆದುಕೊಂಡರೆ ನೇರವಾಗಿ ಟಿ. ಪ್ರೋಟೀನ್‌ನಲ್ಲಿ ಅರ್ಜಿನೀನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಟ್ರಿಪ್ಟೊಫಾನ್ ಬಂದು ಕೂರುತ್ತದೆ. ಇದು ವಯಸ್ಸಿನ ಸವಕಳಿ. ಪಕ್ಕದ 249ರದ್ದು ಬೇರೆಯೇ ಲೆಕ್ಕ: ಬೂಸ್ಟು ಹಿಡಿದ ಕಾಳಿನ ಅಫ್ಲಾಟಾಕ್ಸಿನ್ ವಿಷ ಅಲ್ಲಿನ ಎಜಿಜಿಯ ಕಡೆಯ ಜಿಯನ್ನು ಟಿ ಮಾಡುತ್ತದೆ, ಯಕೃತ್ತಿನ ಕ್ಯಾನ್ಸರ್‌ನಲ್ಲಿ ಇದು ಕಾಣುತ್ತದೆ.

ಹೆಚ್ಚು ಸಲ ಸಿಕ್ಕಿದ್ದೆಲ್ಲ ಅಪಾಯದ ಜಾಗವೂ ಅಲ್ಲ. ಸ್ನಾಯುವಿನ ಟೈಟಿನ್ ಜೀನ್‌ನಲ್ಲಿ ಮ್ಯುಟೇಷನ್ ರಾಶಿ ಸಿಗುತ್ತದೆ, ಅದರ ಪ್ರೋಟೀನ್ 30,000ಕ್ಕೂ ಹೆಚ್ಚು ಅಮೈನೊ ಆಮ್ಲಗಳಷ್ಟು ಉದ್ದ ಇರುವುದರಿಂದ. ಹತ್ತು ಎಕರೆ ಹೊಲಕ್ಕೆ ಹನಿ ಹೆಚ್ಚು ಬಿದ್ದರೆ ಅದೇನು ವಿಶೇಷ? ಕೆಟ್ಟರೆ ಕ್ಯಾನ್ಸರ್ ತರಬಲ್ಲ ಪುಟ್ಟ ಕೆಆರ್‌ಎಎಸ್ ಜೀನ್‌ನಲ್ಲಿ ಮತ್ತೆ ಮತ್ತೆ 12ನೇ ಕೋಡಾನೇ ಕೆಟ್ಟರೆ ವಿಶೇಷ.

ಇಷ್ಟೆಲ್ಲ ಲೆಕ್ಕ ಹಾಳಾಗುವುದು ಬಯಾಪ್ಸಿ ಡಬ್ಬಿಯಲ್ಲಿ. ಫಾರ್ಮಲಿನ್‌ನಲ್ಲಿಟ್ಟ ತುಣುಕಿನಲ್ಲೂ ಸಿ ಅಮೈನ್ ಕಳೆದುಕೊಂಡು ಯುರಾಸಿಲ್ (ಡಿಎನ್‌ಎಯಲ್ಲಿ ಇರಬಾರದ ಅಕ್ಷರ) ಆಗುತ್ತದೆ, ಡಿಎನ್‌ಎ ಓದುವ ಯಂತ್ರ ಅದನ್ನು ಟಿ ಎಂದೇ ಓದುತ್ತದೆ. ಓದುವ ಮೊದಲು ಹಾಕುವ ಯುಡಿಜಿ ಎಂಬ ಕಿಣ್ವ ಯುರಾಸಿಲ್ ಅನ್ನು ತೆಗೆದುಹಾಕೀತು. ಆದರೆ 248ರಂಥ ಮೀಥೈಲ್ ಇರುವ ಸಿ ನೇರ ಟಿ ಆಗುವುದರಿಂದ ಅಲ್ಲಿ ಕಿಣ್ವದ ಆಟ ನಡೆಯದು. ಸುಳ್ಳು ಮ್ಯುಟೇಷನ್ ಬರುವುದು ನಿಜದ್ದಿರಬಹುದಾದ ಜಾಗದಲ್ಲೇ!

ಇದನ್ನು ತಗ್ಗಿಸಲು ಡಬ್ಬಿಯಲ್ಲಿ ತುಣುಕಿನ ಹತ್ತು ಪಟ್ಟು, ಶೇ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಇರಲಿ. ತುಣುಕು ಅದರಲ್ಲಿ ಇರಬೇಕಾದ್ದು 6ರಿಂದ 72 ಗಂಟೆ. ಬಫರ್ ಹಾಕದ್ದು ಹುಳಿಯಾಗಿ ಡಿಎನ್‌ಎ ಚೂರಾಗುತ್ತದೆ. ಶನಿವಾರ ಸಂಜೆ ಡಬ್ಬಿಗೆ ಹಾಕಿದ ತುಣುಕು ಮಂಗಳವಾರ ಸಂಜೆ ದಾಟಿತೆಂದರೆ ಮಿತಿ ಮೀರಿದಂತೆಯೇ. ಆದ್ದರಿಂದ ಜಿಲ್ಲೆಯ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ನಮ್ಮ ವಿನಂತಿ: ಡಬ್ಬಿಯ ಮೇಲೆ ತುಣುಕು ಹಾಕಿದ ವೇಳೆ, ಪೆಥಾಲಜಿಯಲ್ಲಿ ತೆಗೆದ ವೇಳೆ ಬರೆಯಿರಿ, ಬ್ಲಾಕ್ (ಮೇಣದಲ್ಲಿ ಹುದುಗಿಸಿದ ತುಣುಕು) ಜೀನ್ ಪರೀಕ್ಷೆಗೆಂದು ಬೆಂಗಳೂರಿಗೆ ಹೋಗುವಾಗ ಅರ್ಜಿಯಲ್ಲೂ ನಮೂದಿಸಿ. ಓದಿದ ಡಿಎನ್‌ಎ ಪ್ರತಿಗಳಲ್ಲಿ ಕಡಿಮೆ ಶೇಕಡಾವಾರಿನಲ್ಲಿ ಕಂಡ ಒಂಟಿ ಸಿ-ಟಿ ಬದಲಾವಣೆಯನ್ನು ನಂಬುವ ಮೊದಲು ಅದೇ ಬ್ಲಾಕಿನಿಂದ ಡಿಎನ್‌ಎ ಇನ್ನೊಮ್ಮೆ ತೆಗೆಸಿ ಓದಿಸಿ. ಫಾರ್ಮಲಿನ್ ತಂದ ಸುಳ್ಳು ಎರಡನೇ ಸಲ ಅದೇ ಜಾಗದಲ್ಲಿ ಬರುವುದು ಅಪರೂಪ.

– ತಳಿವಿಜ್ಞಾನ ಉಪನ್ಯಾಸಕರು, ಹಾಸನ